ಅಡುಗೆಮನೆಯ ಪಂಚಾಂಗ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ವೈದ್ಯವೃತ್ತಿಯಿಂದ ಹೊಟ್ಟೆ ಹೊರೆಯುವ ನಮ್ಮಂಥವರು ಈ ಗಾದೆಯ ಮೊದಲರ್ಧ ನಿಜವಾಗದಿರಲೆಂದು ಹಾರೈಸಬೇಕೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಪ್ರಾಯಶಃ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ. ನಾವು ಅವನ್ನು ಬದಿಗಿಟ್ಟು ಅಡುಗೆಮನೆಯ ಚರಿತ್ರೆಯನ್ನು ಆರಿಸಿಕೊಂಡೆವು. ಅದಕ್ಕೊಂದು ಕಾರಣವಿದೆ.

ನಮ್ಮ ಅತ್ತೆಯವರು ಎರಡು ವರ್ಷಗಳಿಂದ ಇಲ್ಲಿ ಮಿಶಿಗನ್ನಿನಲ್ಲಿ ನಮ್ಮೊಡನೆ ಇದ್ದಾರೆ. ಸಾಗರ ತಾಲ್ಲೂಕಿನವರು, ವಯಸ್ಸು ಎಪ್ಪತ್ತೈದರ ಆಸುಪಾಸು. ಈಚೆಗೆ ಅವರನ್ನು ಮರೆವು ಕಾಡುತ್ತಿದೆ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ತಾವಿರುವುದು ಯಾವ ಊರು ಎಂಬುದೂ ಒಮ್ಮೊಮ್ಮೆ ಮಸುಕಾಗುತ್ತದೆ. ಆದರೆ ಕಳೆದ ಮಾರ್ಚ್ ತಿಂಗಳಿನಲ್ಲಿ ಹೊರಗೆ ಹಿಮ ಸುರಿಯುತ್ತಿರುವಾಗ, ಅವರು ದಿನಕ್ಕೆ ನಾಲ್ಕು ಸಲ ಕಿಟಕಿಯ ಬಳಿ ನಿಂತು ಕೇಳುತ್ತಿದ್ದುದು ಒಂದೇ ಮಾತು: "ಮಿಡಿ ಬಂತಾ?" ಅವರ ಕಡೆ ಅದು ಅಪ್ಪೆಮಿಡಿ ಮರದಿಂದ ಇಳಿಯುವ ಕಾಲ. ಅವರಿಗೆ ದೇಶ ಮರೆತಿತ್ತು, ಋತು ಮರೆತಿರಲಿಲ್ಲ. ಅವರ ಆ ಪ್ರಶ್ನೆಯೇ ನಮ್ಮನ್ನು ಪುಸ್ತಕಗಳ ಕಡೆಗೆ, ಆಮೇಲೆ ಈ ಬರಹದ ಕಡೆಗೆ ಎಳೆದುಕೊಂಡು ಬಂತು.

ನಮ್ಮ ಬಾಲ್ಯ ಕಳೆದದ್ದು ತುಮಕೂರಿನ ಕಡೆ. ಆಗ ತಿಂಗಳು ಯಾವುದೆಂದು ತಿಳಿಯಲು ಗೋಡೆಯ ಪಂಚಾಂಗ ನೋಡಬೇಕಾಗಿರಲಿಲ್ಲ, ಅಡುಗೆಮನೆಗೆ ಹೋದರೆ ಸಾಕಾಗಿತ್ತು. ಯುಗಾದಿಯ ಸುಮಾರಿಗೆ ಮಾವಿನಕಾಯಿ ಚಿತ್ರಾನ್ನ. ಬೇಸಿಗೆ ರಜೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ. ಕಾಗೆ ಕಾಯುವ ಕೆಲಸ ಮಕ್ಕಳದು. ಮಳೆ ಹಿಡಿದರೆ ಮುದ್ದೆಯ ಜೊತೆಗೆ ಹುರುಳಿ ಸಾರು. ಮಾರ್ಗಶಿರದ ಚಳಿ ಬಿತ್ತೆಂದರೆ ಸೊಗಡು ಅವರೆಕಾಯಿ. ಮನೆಮಂದಿಯೆಲ್ಲ ಕುಳಿತು ಕಾಳು ಹಿತುಕುತ್ತಿದ್ದೆವು. ಅತ್ತೆಯವರ ಮಲೆನಾಡಿನಲ್ಲಿ ಇದೇ ಕ್ರಮ ಬೇರೆ ಪದಾರ್ಥಗಳಲ್ಲಿ ನಡೆಯುತ್ತಿತ್ತು: ಮಿಡಿ, ಹಲಸು, ಆಮೇಲೆ ಜಡಿಮಳೆಯ ಕಾಲಕ್ಕೆ ಕಳಲೆ ಮತ್ತು ಕೆಸುವಿನ ಪತ್ರೊಡೆ.

ಇದೆಲ್ಲ ಅನಾದಿಕಾಲದಿಂದ ಹೀಗೆಯೇ ಇತ್ತೆಂದು ನಾವು ನಂಬಿದ್ದೆವು. ಓದಿ ನೋಡಿದಾಗ ತಿಳಿದದ್ದು, ಅದು ಅರ್ಧ ಮಾತ್ರ ನಿಜ ಎಂದು.

ನಿಜವಾದ ಅರ್ಧವನ್ನು ಮೊದಲು ಹೇಳುತ್ತೇವೆ. ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಬೆಳೆದು ಉಂಡ ಧಾನ್ಯಗಳ ಸುಟ್ಟ ಕಾಳುಗಳು ಉತ್ಖನನದಲ್ಲಿ ದೊರೆತಿವೆ. ಅವುಗಳಲ್ಲಿ ಹುರುಳಿಯೂ ಇದೆ, ಹೆಸರೂ ಇದೆ. ಅಂದರೆ ಹುರುಳಿ ಸಾರಿಗೆ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ವಂಶಾವಳಿ ಇದೆ. ಬರಹದ ಕಾಲಕ್ಕೆ ಬಂದರೆ, ಸುಮಾರು 1025ರ ಹೊತ್ತಿಗೆ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ವ್ಯವಸಾಯ, ಜ್ಯೋತಿಷ, ವೈದ್ಯಗಳ ಜೊತೆಗೆ ಅಡುಗೆಗೂ ಜಾಗ ಕೊಟ್ಟಿದ್ದಾನೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಇಡ್ಲಿ, ದೋಸೆಗಳ ಪೂರ್ವಜರು ಕಾಣಿಸುತ್ತಾರೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಅದರಲ್ಲಿ ಬದನೆಕಾಯಿಗೆ ಒಂದು ಅಧ್ಯಾಯವೇ ಉಂಟು, ಹಲಸು, ಬಾಳೆಗಳ ಅಡುಗೆಗಳಿವೆ, ಕಳಲೆಯೂ ಇದೆ.

ಕಳಲೆಯ ವಿಷಯದಲ್ಲಿ ವೈದ್ಯರಾಗಿ ಒಂದು ಮಾತು. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದ್ದು, ಅದು ಒಡೆದಾಗ ಸಯನೈಡ್ ಹುಟ್ಟುತ್ತದೆ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನದಿನವೂ ನೀರು ಬದಲಾಯಿಸಿ, ಮೂರು ದಿನವಾದ ಮೇಲೆ ಚೆನ್ನಾಗಿ ಬೇಯಿಸಬೇಕೆಂಬ ಮಲೆನಾಡಿನ ಕಟ್ಟಳೆ ಆ ವಿಷವನ್ನು ಕಳೆಯುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಹುಣಿಸೆಹುಳಿ ಹಾಕದೆ ಅದನ್ನು ಅಡುಗೆ ಮಾಡುವವರಿಲ್ಲ. ನಾವು ಎಂ.ಬಿ.ಬಿ.ಎಸ್. ತರಗತಿಯಲ್ಲಿ ವಿಷವಿಜ್ಞಾನವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು. ಅತ್ತೆಯವರು ಅದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಬಚ್ಚಲ ಪಕ್ಕದ ಬಕೆಟ್ಟಿನಲ್ಲಿ ಕಲಿತಿದ್ದರು.

ಇನ್ನುಳಿದ ಅರ್ಧ ಬದಲಾವಣೆಯ ಕಥೆ. ಮಂಗರಸನ ಅಡುಗೆಯಲ್ಲಿ ಮೆಣಸಿನಕಾಯಿ ಇಲ್ಲ, ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ; ಮೆಣಸಿನಕಾಯಿ ನಮ್ಮ ಕಡೆಗೆ ಬಂದದ್ದು ಅವರ ಹಡಗುಗಳ ದಾರಿಯಲ್ಲಿ. ಅದಕ್ಕೆ ಮೊದಲು ಖಾರವೆಂದರೆ ಕಾಳುಮೆಣಸು. ಹೊಸ ಕಾಯಿಗೆ ಹೊಸ ಹೆಸರನ್ನು ಹುಡುಕದೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಕರಾವಳಿಯಲ್ಲಿ ಹಳೆಯದನ್ನು ಈಗಲೂ 'ಒಳ್ಳೆಮೆಣಸು' ಎನ್ನುತ್ತಾರೆ. ಬೀನ್ಸ್ ಕೂಡ ಅಮೆರಿಕದ್ದೇ. ಅದಕ್ಕೆ ನಮ್ಮ ಪುರಾತನ ಕಾಳಿನ ಹೆಸರನ್ನು ಕೊಟ್ಟು 'ಹುರುಳಿಕಾಯಿ' ಮಾಡಿಕೊಂಡೆವು. ಸೀಮೆಬದನೆಯಂತೂ ತಾನು ಪರದೇಶಿ ಎಂದು ಹೆಸರಿನಲ್ಲೇ ಸಾರುತ್ತದೆ.

ಮೆಣಸಿನಕಾಯಿಗೆ ಮುಂಚಿನ ಕನ್ನಡ ಊಟ ಹೇಗಿತ್ತೆಂದು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿಲ್ಲ. ಹಲವು ಮನೆಗಳಲ್ಲಿ ಇಂದಿಗೂ ಶ್ರಾದ್ಧದ ಅಡುಗೆಗೆ ಕಾಳುಮೆಣಸೇ ಬಳಕೆ; ಟೊಮೇಟೊ, ಆಲೂಗಡ್ಡೆ, ಕೋಸುಗಳು ನಿಷಿದ್ಧ. ಪಿತೃಗಳಿಗೆ ಅವರು ಉಂಡು ಬಲ್ಲದ್ದನ್ನೇ ಬಡಿಸುತ್ತೇವೆ. ಉಳಿದ ದಿನಗಳಲ್ಲಿ ನಾವು ಉಣ್ಣುವುದು ಐನೂರು ವರ್ಷಗಳ ಹೊಂದಾಣಿಕೆಯನ್ನು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರಿನ ಪುಡಿಯನ್ನು ಇಂದು ಯಾರು ಒಪ್ಪಿಯಾರು?

ಋತುಮಾನದ ಅಡುಗೆಯ ಹಿಂದೆ ರುಚಿಯೊಂದೇ ಇರಲಿಲ್ಲ, ಹಸಿವಿನ ಭಯವೂ ಇತ್ತು. ಧಾತು-ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಪಟ್ಟ ಪಾಡು ಸಣ್ಣದಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿ, ಅಟ್ಟದ ಮೇಲಿನ ಬಾಳಕ, ಸಂಡಿಗೆ, ಉಪ್ಪಿನಲ್ಲಿಟ್ಟ ಮಾವು, ನೆಲ್ಲಿ ಇವೆಲ್ಲ ಇಲ್ಲದ ದಿನಗಳಿಗೆಂದು ಇದ್ದ ದಿನಗಳಲ್ಲಿ ಕಟ್ಟಿಟ್ಟ ಬುತ್ತಿ. ನಮ್ಮ ತಾಯಿ ಒಂದು ಅಗುಳನ್ನೂ ಚೆಲ್ಲಲು ಬಿಡುತ್ತಿರಲಿಲ್ಲ. ಅದನ್ನು ಜಿಪುಣತನವೆಂದುಕೊಂಡಿದ್ದ ನಮಗೆ ಈ ಅಂಕಿಗಳನ್ನು ಓದಿದ ಮೇಲೆ ನಾಚಿಕೆಯಾಯಿತು.

ಮತ್ತೆ ಅತ್ತೆಯವರ ಮಿಡಿಗೆ ಬರೋಣ. ಅಪ್ಪೆಮಿಡಿ ತೋಟದ ಮಾವಲ್ಲ. ಮಲೆನಾಡಿನ ಹೊಳೆ-ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮರದ್ದು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಜೀರಿಗೆ ವಾಸನೆಯ ಮಿಡಿಗೆ ಎಲ್ಲಿಲ್ಲದ ಬೇಡಿಕೆ. ತೊಟ್ಟು ಮುರಿದರೆ ಚಿಮ್ಮುವ ಸೊನೆಯಲ್ಲೇ ಅದರ ಜೀವ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಹಲವಾರು ಹಳ್ಳಿಗಳು ಮುಳುಗಿದವು. ಅತ್ತೆಯವರ ತವರುಮನೆಯೂ ಮುಳುಗಡೆಯಾಯಿತು. ನಾಡಿಗೆ ಬೆಳಕು ಬಂತು, ಅದು ಬೇಕಾಗಿಯೂ ಇತ್ತು. ಆದರೆ ದಂಡೆಯ ಮಿಡಿಮರಗಳು ನೀರಿನಡಿಗೆ ಹೋದವು. ಸಾಮಾನು ತುಂಬಿದ ಲಾರಿಯಲ್ಲಿ ತಮ್ಮ ತಾಯಿ ಎರಡು ಉಪ್ಪಿನಕಾಯಿ ಭರಣಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರೆಂದು ಅತ್ತೆಯವರು ಮರೆವು ಬರುವ ಮುಂಚೆ ನಮಗೆ ಹೇಳಿದ್ದರು. ಅದು ಆ ಮರದ ಕಡೆಯ ಮಿಡಿ. ನಾಲ್ಕು ವರ್ಷ ಅದನ್ನು ಹಬ್ಬಕ್ಕೊಂದರಂತೆ ಬಡಿಸಿದರಂತೆ.

ಇಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಪ್ಪೆಮಿಡಿಯ ತಳಿಗಳನ್ನು ಸಂಗ್ರಹಿಸಿದ್ದಾರೆ. ಮಲೆನಾಡಿನ ರೈತರು ಕಸಿ ಕಟ್ಟಿ ಬೆಳೆಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ "ಮಿಡಿ ಬಂತಾ?" ಎಂದು ಅತ್ತೆಯವರು ಕೇಳುವ ಮರ ಊರಿಗೆ ಮರಳಿದರೂ ಸಿಕ್ಕುವುದಿಲ್ಲ. ಪರದೇಶದಲ್ಲಿರುವ ನಾವು, ನಾವು ಬಿಟ್ಟುಬಂದದ್ದೆಲ್ಲ ಊರಿನಲ್ಲಿ ಹಾಗೆಯೇ ಇದೆ, ಬೇಕೆಂದಾಗ ಹೋಗಿ ಉಣ್ಣಬಹುದು ಎಂದುಕೊಂಡಿರುತ್ತೇವೆ. ಅದು ತಪ್ಪು.

ಅತ್ತೆಯವರ ಪೆಟ್ಟಿಗೆಯಲ್ಲಿ ಒಂದು ಹಳೆಯ ಡೈರಿ ಇತ್ತು. ಪಾವು, ಅಚ್ಚೇರು, ಚಟಾಕುಗಳ ಲೆಕ್ಕ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂದರೂ ನಮ್ಮ ಅಡುಗೆಮನೆಗಳಿಗೆ ಅದು ತಿಳಿದಂತಿಲ್ಲ. ಉಪ್ಪಿನಕಾಯಿಯ ಪುಟದಲ್ಲಿ ಹೀಗಿತ್ತು: ಮಿಡಿ ಐನೂರು, ಉಪ್ಪು, ಬೇಕಾದಷ್ಟು, ಮೆಣಸಿನಪುಡಿ, ಬಣ್ಣ ನೋಡಿ, ಸಾಸಿವೆ, ಹದವಾಗಿ. ಔಷಧದ ಚೀಟಿಯಲ್ಲಿ ನಾವು 'ಹದವಾಗಿ' ಎಂದು ಬರೆದರೆ ಮರುದಿನವೇ ನಮ್ಮ ಲೈಸೆನ್ಸ್ ಹೋದೀತು!

ಮರೆವಿನ ಕಾಯಿಲೆಯಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ. ಕೈ ಕಲಿತ ಕೆಲಸ ಬಹಳ ಕಾಲ ಉಳಿಯುತ್ತದೆ. ಇದನ್ನು ನಂಬಿ ಒಂದು ಭಾನುವಾರ ಅಂಗಡಿಯಿಂದ ಮೆಕ್ಸಿಕೋದ ಹಸಿ ಮಾವಿನಕಾಯಿ ತಂದು ಹೆಚ್ಚಿ, ಪಾತ್ರೆಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅತ್ತೆಯವರ ಮುಂದೆ ಇಟ್ಟೆವು. "ಇದಕ್ಕೆ ಸೊನೆಯೇ ಇಲ್ಲವಲ್ಲೇ ಕೂಸೇ!" ಎಂದು ಮೊಮ್ಮಗಳನ್ನು ಗದರಿಸಿದರೂ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು. ಹಿಡಿಹಿಡಿಯಾಗಿ ಹಾಕಿದರು, ಒಂದು ಹಂತದಲ್ಲಿ ನಿಲ್ಲಿಸಿದರು. ಮಗಳು ಅಂಕಿ ಬರೆದುಕೊಂಡಳು. ಮುಂದಿನ ಎರಡು ಭಾನುವಾರವೂ ಅಷ್ಟೇ ತೂಕದ ಹೋಳುಗಳೊಡನೆ ಹಾಗೆಯೇ ಮಾಡಿದೆವು. ಮೂರು ಸಲದ ಉಪ್ಪಿನ ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸ. 'ಹದ' ಎಂಬುದಕ್ಕೆ ಅಂಕಿ ಇತ್ತು, ಬರೆದುಕೊಂಡವರಿರಲಿಲ್ಲ, ಅಷ್ಟೇ.

ಈ ದೇಶದಲ್ಲೂ ನಮ್ಮ ಅಡುಗೆಗೆ ಈಗ ಒಂದು ಚರಿತ್ರೆಯಿದೆ. 1965ರ ವಲಸೆ ಕಾನೂನಿನ ನಂತರ ಬಂದ ಹಿರಿಯರು ಸಾರಿನ ಪುಡಿಯನ್ನು ಸೂಟ್‌ಕೇಸಿನಲ್ಲಿ ತಂದವರು. ನಾವು ರೆಸಿಡೆನ್ಸಿಯಲ್ಲಿದ್ದಾಗ, 2007ರ ಏಪ್ರಿಲ್ ಕೊನೆಯಲ್ಲಿ, ಬಹುಕಾಲದ ನಿಷೇಧ ಕಳೆದು ಭಾರತದ ಮಾವು ಇಲ್ಲಿಗೆ ಬಂತು. ರಾತ್ರಿ ಪಾಳಿ ಮುಗಿಸಿ ಬಂದು ದುಬಾರಿ ಬೆಲೆ ತೆತ್ತು ಒಂದು ಪೆಟ್ಟಿಗೆ ಕೊಂಡದ್ದು ನೆನಪಿದೆ. ಅವರೆಕಾಳು ಬೇಕಾದರೆ ಗುಜರಾತಿಗಳ ಶೀತಪೆಟ್ಟಿಗೆಯಲ್ಲಿ 'ಸುರ್ತಿ ಪಾಪಡಿ ಲಿಲ್ವಾ' ಎಂಬ ಹೆಸರಿನಲ್ಲಿ ಸಿಗುತ್ತದೆಂದು ಹೇಳಿಕೊಟ್ಟವರು ಈ ಸಂಘದ ಹಿರಿಯ ಮಹಿಳೆಯರು. ಚೀನೀ ಅಂಗಡಿಯಲ್ಲಿ ಡಬ್ಬಿಯ ಕಳಲೆ ಉಂಟು. ಮೇ ತಿಂಗಳ ರೂಬಾರ್ಬ್ ದಂಟಿನ ಗೊಜ್ಜು (ಎಲೆ ವಿಷ, ನೆನಪಿರಲಿ), ನವೆಂಬರಿನ ಕ್ರ್ಯಾನ್‌ಬೆರಿ ಉಪ್ಪಿನಕಾಯಿ ನಮ್ಮ ಮಕ್ಕಳ ಪಂಚಾಂಗದಲ್ಲಿ ಆಗಲೇ ಸೇರಿವೆ. ಮೆಣಸಿನಕಾಯಿಯನ್ನು ಒಳಗೆ ಬಿಟ್ಟುಕೊಂಡ ಅಡುಗೆಮನೆ ಕ್ರ್ಯಾನ್‌ಬೆರಿಗೆ ಬಾಗಿಲು ಹಾಕೀತೇ?

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಪದಾರ್ಥ ಬದಲಾದರೆ ಚಿಂತೆಯಿಲ್ಲ. ಕ್ರಮ ಕಳೆದುಹೋದರೆ ಮತ್ತೆ ಸಿಕ್ಕುವುದಿಲ್ಲ. ಮನೆಗೆ ತಾಯಿ, ಅತ್ತೆ, ದೊಡ್ಡಮ್ಮ ಯಾರೇ ಬರಲಿ, ಅವರ ಕೈಕೆಳಗೆ ಒಂದು ತಕ್ಕಡಿಯನ್ನಿಟ್ಟು ಒಂದು ಪುಟ ಬರೆದಿಡಿ. ಯಾವ ತಿಂಗಳು, ಯಾವ ಊರು, ಎಷ್ಟು, ಏಕೆ ಎಂಬುದೂ ಅದರಲ್ಲಿರಲಿ. ನಾವು ಅತ್ತೆಯವರನ್ನು ಹತ್ತು ವರ್ಷ ಮುಂಚೆ ಕೇಳಬೇಕಾಗಿತ್ತು. ಆಗ ಅವರು ಮರದ ಹೆಸರನ್ನೂ ಹೇಳುತ್ತಿದ್ದರು. ಈಗ ಅದು ನೆನಪಾಗುತ್ತಿಲ್ಲ.

ಈ ವರ್ಷ ಯುಗಾದಿಯ ದಿನ ಅವರ ಎಲೆಗೆ ಆ ಮೆಕ್ಸಿಕೋ ಮಾವಿನ ಉಪ್ಪಿನಕಾಯಿ ಬಡಿಸಿದೆವು. ನಾಲಗೆಗೆ ಹಚ್ಚಿ ನೋಡಿ, "ಉಪ್ಪು ಸರಿಯಾಗಿದೆ" ಎಂದರು. ಸದ್ಯಕ್ಕೆ ನಮಗೆ ಅಷ್ಟು ಸಾಕು.