ಗುಡಿಯ ಬದಿಗೆ ಕೆರೆ: ಸೊನ್ನಲಿಗೆಯ ಸೇವಾ ಪರಂಪರೆ



ಜಾತ್ರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಪಲ್ಲಕ್ಕಿ, ನಂದಿಕೋಲು, ವಾದ್ಯ, ಮದ್ದಿನ ಬೆಳಕು ಇವೆಲ್ಲ ಬಂದು ನಿಲ್ಲುತ್ತವೆ. ಇದು ಸಹಜ. ಆದರೆ ನಮ್ಮ ನಾಡಿನ ಇತಿಹಾಸವನ್ನು ನೋಡಿದರೆ ದೇವಸ್ಥಾನವೆಂಬುದು ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ ಎಂಬುದು ತಿಳಿದುಬರುತ್ತದೆ. ಅದು ನೀರು ಕಾಯುವ, ಹಸಿದವರಿಗೆ ಉಣ್ಣಿಸುವ, ದಾರಿಹೋಕರಿಗೆ ನೆರಳು ನೀಡುವ ಒಂದು ಸಂಸ್ಥೆಯೂ ಆಗಿತ್ತು. ಪರಿಸರ ರಕ್ಷಣೆ, ಸಾಮಾಜಿಕ ಹೊಣೆ ಎಂಬ ಮಾತುಗಳು ಈಗ ಎಲ್ಲರ ಬಾಯಲ್ಲಿ ಇವೆ. ಇವುಗಳ ಬೇರು ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಎಷ್ಟು ಆಳವಾಗಿದೆ ಎಂಬುದನ್ನು ನೆನೆಯುವುದೇ ಈ ಲೇಖನದ ಉದ್ದೇಶ.

ಬಯಲು ಸೀಮೆಯ ಬಾಳು

ಸೊಲ್ಲಾಪುರ ಜಿಲ್ಲೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮುಂಗಾರಿನ ಮೋಡಗಳು ಘಟ್ಟದ ಆಚೆಗೇ ಸುರಿದು, ಇತ್ತ ಬರುವಾಗ ಹಗುರಾಗಿರುತ್ತವೆ. ಎರೆಮಣ್ಣು, ಹಿಂಗಾರಿ ಜೋಳ, ತೊಗರಿ, ಕಡಲೆ, ಇದು ಸಲಗರ ಬುದ್ರುಕದಂಥ ನಮ್ಮ ಊರುಗಳ ಜೀವನಕ್ರಮ. ಒಂದು ವರ್ಷ ಮಳೆ ಕೈಕೊಟ್ಟರೆ ಬಾವಿ ತಳ ಕಾಣುತ್ತದೆ, ಎರಡು ವರ್ಷ ಕೊಟ್ಟರೆ ದನಕರು ಸಂತೆಗೆ ಹೋಗುತ್ತವೆ. ಇಂಥ ಸೀಮೆಯಲ್ಲಿ ನೀರು ನಿಲ್ಲಿಸುವುದಕ್ಕಿಂತ ದೊಡ್ಡ ಪುಣ್ಯಕಾರ್ಯ ಬೇರೆ ಯಾವುದಿದ್ದೀತು?

ಸಿದ್ಧರಾಮರ ಕಾಯಕ

ಈ ಮಾತನ್ನು ಹನ್ನೆರಡನೆಯ ಶತಮಾನದಲ್ಲಿ ನಡೆದು ತೋರಿಸಿದವರು ಶ್ರೀ ಸಿದ್ಧರಾಮೇಶ್ವರರು. ಮುದ್ದುಗೌಡ ಮತ್ತು ಸುಗ್ಗಲಾದೇವಿಯರ ಮಗನಾಗಿ ಸೊನ್ನಲಿಗೆಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದರು. ತಿರುಗಿ ಬಂದು ಸೊನ್ನಲಿಗೆಯನ್ನೇ ಶ್ರೀಶೈಲವನ್ನಾಗಿ ಮಾಡಲು ನಿಂತರು. ಗುಡಿ ಕಟ್ಟಿಸಿದರು, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು, ನೂರಾರು ಶಿಷ್ಯರನ್ನು ಕೂಡಿಸಿಕೊಂಡು ಕೆರೆ ತೋಡಿದರು. ಈ ಕಥೆಯನ್ನು ರಾಘವಾಂಕ ಕವಿ ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಗುಡಿ ನೀರಿನ ನಡುವೆಯೇ ನಿಂತಿದೆ.

ಆ ಕಾಲದಲ್ಲಿ ಯಂತ್ರಗಳಿರಲಿಲ್ಲ. ಗುದ್ದಲಿ, ಸಲಿಕೆ, ಬುಟ್ಟಿ ಮತ್ತು ಮನುಷ್ಯನ ಹೆಗಲು, ಇವಿಷ್ಟೇ ಸಾಧನ. ಮಣ್ಣು ಹೊರುವವನಿಗೆ ಊಟ ಬೇಕು, ಇರಲು ನೆರಳು ಬೇಕು, ಕೆಲಸಕ್ಕೆ ಶಿಸ್ತು ಬೇಕು. ಆದುದರಿಂದ ಕೆರೆ ಎಂಬುದು ಒಬ್ಬ ಪುಣ್ಯಪುರುಷನ ಪವಾಡವಷ್ಟೇ ಅಲ್ಲ. ಅದು ಒಂದು ಸಂಘಟನೆಯ ಫಲ.

ಇಲ್ಲಿ ಒಂದು ಪ್ರಸಂಗವನ್ನು ಮರೆಯಲಾಗದು. ಸೊನ್ನಲಿಗೆಗೆ ಬಂದ ಅಲ್ಲಮಪ್ರಭುಗಳು ಸಿದ್ಧರಾಮರನ್ನು ‘ಒಡ್ಡರಾಮ’ ಎಂದು ಕರೆದರೆಂದು ಶರಣಸಾಹಿತ್ಯ ಹೇಳುತ್ತದೆ. ಶಿಷ್ಯರು ಸಿಟ್ಟಿಗೆದ್ದರಂತೆ. ಆದರೆ ಪ್ರಭುಗಳು ಹಳಿದದ್ದು ಮಣ್ಣು ಹೊರುವ ಕಾಯಕವನ್ನಲ್ಲ. ‘ಕಟ್ಟಿದವನು ನಾನು’ ಎಂಬ ಭಾವವನ್ನು. ಆ ಮಾತಿನ ಮರ್ಮವನ್ನು ಅರಿತ ಸಿದ್ಧರಾಮರು ಕಲ್ಯಾಣಕ್ಕೆ ತೆರಳಿ, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದು, ಶೂನ್ಯಸಿಂಹಾಸನವನ್ನೇರಿದವರಲ್ಲಿ ಒಬ್ಬರಾದರು. ಕಾಣಿಕೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಆತುರಪಡುವ ನಮಗೆಲ್ಲ ಇದು ಎಚ್ಚರಿಕೆಯ ಮಾತಾಗಿದೆ.

ಕಟ್ಟುವುದಕ್ಕಿಂತ ಕಾಯುವುದು ಕಠಿಣ

ಕೆರೆ ಕಟ್ಟುವುದು ಒಂದು ಸಲದ ಕೆಲಸ. ಹೂಳು ತೆಗೆಯುವುದು, ಏರಿ ಭದ್ರಪಡಿಸುವುದು, ತೂಬು ಕೋಡಿಗಳನ್ನು ನೋಡಿಕೊಳ್ಳುವುದು ಪ್ರತಿವರ್ಷದ ಕೆಲಸ. ನಮ್ಮ ಹಿರಿಯರು ಇದಕ್ಕೂ ವ್ಯವಸ್ಥೆ ಮಾಡಿದ್ದರು. ಕನ್ನಡ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ದಶವಂದ’ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿ ನೋಡಿಕೊಳ್ಳುವವರಿಗಾಗಿ ಬಿಟ್ಟ ಭೂಮಿ, ಸಲ್ಲಿಸಿದ ಪಾಲು ಇವು. ಹೂಳು ಸಾಗಿಸಲು ಬಂಡಿಗಳನ್ನೂ ನೇಮಿಸುತ್ತಿದ್ದರು. ಆ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಗೆ ಮತ್ತೆ ಒಡಲು ಬರುತ್ತಿತ್ತು, ಸುತ್ತಲಿನ ಬಾವಿಗಳಿಗೆ ಜೀವ ಬರುತ್ತಿತ್ತು. ಈ ಏರ್ಪಾಡು ಎಲ್ಲಿ ಕಡಿಯಿತೋ ಅಲ್ಲಿ ಕೆರೆ ಹೋಗಿ ಬಯಲಾಯಿತು. ಪಟ್ಟಣದ ನಡುವೆ ಉಳಿದ ಕೆರೆಗಳಿಗೆ ಕಸ, ಕೊಳಚೆ, ನಿರ್ಮಾಲ್ಯಗಳ ಕಾಟ ಬೇರೆ.

ಬರದ ಪಾಠಗಳು

ನಮ್ಮ ಜಿಲ್ಲೆಯ ಮಂಗಳವೇಢೆಯಲ್ಲಿ ಬಹಮನಿ ಅರಸರ ಅಧಿಕಾರಿಯಾಗಿದ್ದ ದಾಮಾಜಿಪಂತರು ಬರಗಾಲದಲ್ಲಿ ಸರಕಾರಿ ಹಗೇವನ್ನೇ ತೆರೆದು ಜನರಿಗೆ ಧಾನ್ಯ ಹಂಚಿದರೆಂಬ ಕಥೆ ಮನೆಮಾತಾಗಿದೆ. ಅಧಿಕಾರಕ್ಕಿಂತ ಹಸಿದ ಹೊಟ್ಟೆ ದೊಡ್ಡದೆಂದು ಬಗೆದ ಕಾರಣಕ್ಕೇ ಅವರು ಸಂತರಾಗಿ ಉಳಿದರು. ಮುಂದೆ ಇಂಗ್ರಜರ ಕಾಲದಲ್ಲಿ, 1871ರ ಹೊತ್ತಿಗೆ, ಸೊಲ್ಲಾಪುರದ ಬಳಿ ಏಕರೂಖ ಕೆರೆ ಸಿದ್ಧವಾಯಿತು. 1876-77ರ ಘೋರ ಬರದಲ್ಲಿ ಆಷ್ಟಿ ಕೆರೆಯ ಕೆಲಸ ಬರಪರಿಹಾರವಾಗಿ ನಡೆಯಿತು. 1972ರ ಬರವನ್ನು ಕಂಡ ಹಿರಿಯರು, ಖಡಿ ಒಡೆದು ಸುಕಡಿ ತಿಂದು ದಿನ ಕಳೆದುದನ್ನು ಹೇಳುತ್ತಾರೆ. ಆ ಸಂಕಟದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು. ಅದರ ಕಾಯಿದೆ 1977ರಲ್ಲಿ ಆಯಿತು. 2005ರಲ್ಲಿ ಇಡೀ ದೇಶಕ್ಕೆ ಅಂಥದೇ ಕಾಯಿದೆ ಬಂದಿತು. ಹಸಿದವನಿಗೆ ಕೂಲಿ, ಊರಿಗೆ ಕೆರೆ ಎಂಬ ತತ್ವ ಸೊನ್ನಲಿಗೆಯವರಿಗೆ ಹೊಸದೇನೂ ಅಲ್ಲ.

ಇಂದಿನ ಹೊಣೆ

2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಕಾಯಿದೆಗೆ ಅಂಜಿ ಮಾಡುವುದು ಒಂದು ಬಗೆ. ಧರ್ಮವೆಂದು ಮಾಡುವುದು ಇನ್ನೊಂದು ಬಗೆ. ಅಕ್ಕಲಕೋಟೆಯಲ್ಲಿ 1988ರಲ್ಲಿ ಆರಂಭವಾದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ಬಂದ ಭಕ್ತರಿಗೆ ಅನ್ನ ನೀಡುತ್ತ ಬಂದಿರುವುದು ಎರಡನೆಯ ಬಗೆಗೆ ನಮ್ಮ ಕಣ್ಣೆದುರಿನ ಉದಾಹರಣೆ.

ಉತ್ಸವ ಸಮಿತಿಗಳೂ ಚಿಕ್ಕ ಸಂಸ್ಥೆಗಳೇ. ಸೇರಿದ ಕಾಣಿಕೆಯಲ್ಲಿ ಒಂದು ಪಾಲನ್ನು ಊರ ನೀರಿಗಾಗಿ ತೆಗೆದಿಡುವುದು, ಬೇಸಿಗೆಯಲ್ಲಿ ಹೂಳೆತ್ತಿಸುವುದು, ಬೇವು ಆಲ ಬನ್ನಿ ಸಸಿಗಳನ್ನು ನೆಟ್ಟು ಮೂರು ವರ್ಷ ನೀರುಣಿಸುವುದು, ಪ್ರಸಾದಕ್ಕೆ ಪ್ಲಾಸ್ಟಿಕ್ ಬದಲು ಎಲೆ ಬಳಸುವುದು, ನಿರ್ಮಾಲ್ಯವನ್ನು ನೀರಿಗೆ ಎಸೆಯದೆ ಗೊಬ್ಬರ ಮಾಡುವುದು, ಮತ್ತು ಇದೆಲ್ಲದರ ಲೆಕ್ಕವನ್ನು ಊರ ಮುಂದೆ ಓದುವುದು, ಇವು ಯಾವ ಸಮಿತಿಗೂ ಅಸಾಧ್ಯವಲ್ಲ. ಸಸಿ ನೆಡುವ ದಿನ ಭಾವಚಿತ್ರಕ್ಕೆ ನಿಲ್ಲುವವರು ಬಹಳ. ಬಿರುಬೇಸಿಗೆಯಲ್ಲಿ ಕೊಡ ಹೊತ್ತು ತರುವವರು ಕೆಲವರೇ. ಪರಂಪರೆ ಉಳಿಯುವುದು ಈ ಕೆಲವರಿಂದ.

‘ಬುದ್ರುಕ’ ಎಂದರೆ ಹಿರಿದು ಎಂದರ್ಥ. ಊರ ಹೆಸರಿನಲ್ಲಿರುವ ಈ ಹಿರಿತನ ನಮ್ಮ ನಡತೆಯಲ್ಲಿಯೂ ಕಾಣಲಿ. ಕೆರೆ ತುಂಬಲಿ, ಹೊಲ ಹಸಿರಾಗಲಿ, ಬಂದವರಾರೂ ಹಸಿದು ಹೋಗದಿರಲಿ ಎಂದು ಭಗವಂತನಲ್ಲಿ ಪ್ರಾರ್ಥಿಸೋಣ.