ರಂಗದ ಮೇಲೆ ಕಲಿತ ಇಂಗ್ಲಿಷ್

ಇಂಗ್ಲಿಷ್ ಕಲಿಕೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ತಲೆಯೆತ್ತುತ್ತವೆ. ಮಗು ಇಂಗ್ಲಿಷ್ ಕಲಿಯದೆ ಹೋದರೆ ನಾಳೆ ಅದರ ಅನ್ನದ ದಾರಿ ಮುಚ್ಚೀತೆಂಬುದು ಒಂದು. ಕಲಿತರೆ ನಮ್ಮ ನುಡಿಯಿಂದ, ನಮ್ಮವರಿಂದ ದೂರವಾದೀತೆಂಬುದು ಇನ್ನೊಂದು. ಇವು ಹೊಸ ಚಿಂತೆಗಳಲ್ಲ. ಸುಮಾರು ಇನ್ನೂರು ವರ್ಷಗಳಿಂದ ಈ ನಾಡಿನ ತಂದೆತಾಯಂದಿರು ಇವನ್ನು ಹೊತ್ತು ಬಂದಿದ್ದಾರೆ. ಆ ಇತಿಹಾಸದ ಪುಟಗಳನ್ನು ತುಸು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಪರಭಾಷೆಯನ್ನು ನಾವು ಯಾವ ಬಗೆಯಲ್ಲಿ ಕಲಿತೆವೋ ಅದಕ್ಕೆ ತಕ್ಕಂತೆ ಅದು ನಮ್ಮ ಬಾಳಿನಲ್ಲಿ ಫಲ ಕೊಟ್ಟಿದೆ.

ಕಲ್ಕತ್ತೆಯ ತರಗತಿಗಳು

1817ರ ಜನವರಿ 20ರಂದು ಕಲ್ಕತ್ತೆಯಲ್ಲಿ ಹಿಂದೂ ಕಾಲೇಜು ಆರಂಭವಾಯಿತು. ಅದಕ್ಕೆ ಹಣ ಕೂಡಿಸಿ ಮುಂದಾದವರು ನಗರದ ಹಿಂದೂ ಗಣ್ಯರು. ಅವರಿಗೆ ಹೆಗಲು ಕೊಟ್ಟವರು ಡೇವಿಡ್ ಹೇರ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕರು. ಮೆಕಾಲೆಯ ಪ್ರಸಿದ್ಧ ಟಿಪ್ಪಣಿ ಬಂದದ್ದು 1835ರಲ್ಲಿ. ಅದಕ್ಕೆ 18 ವರ್ಷ ಮೊದಲೇ ಭಾರತೀಯರು ತಾವಾಗಿಯೇ ಇಂಗ್ಲಿಷಿನ ಬಾಗಿಲು ತಟ್ಟಿದ್ದರೆಂಬುದನ್ನು ನಾವು ಮರೆಯಲಾಗದು.

ಆ ಕಾಲೇಜಿಗೆ 1826ರಲ್ಲಿ ಹದಿಹರೆಯದ ಒಬ್ಬ ಶಿಕ್ಷಕರು ಬಂದರು. ಅವರೇ ಹೆನ್ರಿ ಡಿರೋಜಿಯೊ. ಪೋರ್ಚುಗೀಸ್ ಮೂಲದ, ಭಾರತವನ್ನೇ ತಾಯ್ನಾಡೆಂದು ಹಾಡಿದ ಆ ತರುಣ ಕವಿ, ಸಾಹಿತ್ಯವನ್ನು ಪದಗಳ ಅರ್ಥ ಹೇಳಿ ಮುಗಿಸುವ ಪಾಠವೆಂದು ಎಣಿಸಲಿಲ್ಲ. ತರಗತಿಯಲ್ಲಿ ಓದಿದ್ದನ್ನು ಶಿಷ್ಯರು ಸಂಜೆಯ ಸಭೆಗಳಲ್ಲಿ ಇಂಗ್ಲಿಷಿನಲ್ಲೇ ಚರ್ಚಿಸಿದರು, ವಾದಿಸಿದರು. ಪ್ರಶ್ನೆ ಕೇಳಲು ಕಲಿತ ಮಕ್ಕಳನ್ನು ಕಂಡು ಹಿರಿಯರು ಬೆದರಿದರು. 1831ರಲ್ಲಿ ಡಿರೋಜಿಯೊ ಕೆಲಸ ಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಲರಾ ತಗುಲಿ, ಕೇವಲ 22ರ ಪ್ರಾಯದಲ್ಲಿ ತೀರಿಕೊಂಡರು.

ಮುಂದೆ ಅದೇ ಕಾಲೇಜಿನಲ್ಲಿ ಕ್ಯಾಪ್ಟನ್ ಡಿ.ಎಲ್. ರಿಚರ್ಡ್‌ಸನ್ ಎಂಬ ನಿವೃತ್ತ ಸೈನ್ಯಾಧಿಕಾರಿ ಷೇಕ್ಸ್‌ಪಿಯರನ ನಾಟಕಗಳನ್ನು ಪಾಠ ಹೇಳತೊಡಗಿದರು. ಅವರು ನಾಟಕವನ್ನು ಓದುತ್ತಿದ್ದ ರೀತಿಗೆ ಸ್ವತಃ ಮೆಕಾಲೆ ಮಾರುಹೋಗಿದ್ದನಂತೆ. ಶಿಷ್ಯರು ನಗರದ ರಂಗಮಂದಿರಗಳಿಗೆ ಹೋಗಿ ನಾಟಕ ನೋಡಬೇಕೆಂದು ಅವರು ಹುರಿದುಂಬಿಸುತ್ತಿದ್ದರು. ಪುಸ್ತಕದಲ್ಲಿ ಮಲಗಿದ ಮಾತು ನಟನ ಬಾಯಲ್ಲಿ ಹೇಗೆ ಎದ್ದು ನಿಲ್ಲುತ್ತದೆಂಬುದನ್ನು ಆ ಹುಡುಗರು ಕಣ್ಣಾರೆ ಕಂಡರು. 1848ರ ಆಗಸ್ಟ್ 17ರಂದು ಕಲ್ಕತ್ತೆಯ ಸಾನ್ ಸೂಸಿ ರಂಗಮಂದಿರದಲ್ಲಿ ಬೈಷ್ಣವ ಚರಣ ಆಢ್ಯ ಎಂಬ ಬಂಗಾಳಿ ಯುವಕ ಇಂಗ್ಲಿಷ್ ನಟನಟಿಯರ ನಡುವೆ ಒಥೆಲೊ ಪಾತ್ರವನ್ನು ಅಭಿನಯಿಸಿದ. ಆಳುವವರ ಭಾಷೆಯಲ್ಲಿ, ಆಳುವವರ ಎದುರಿನಲ್ಲಿ, ಆಳಿಸಿಕೊಂಡವನೊಬ್ಬ ನಾಯಕನಾಗಿ ನಿಂತ ಇರುಳು ಅದು.

ಆಳುವವರ ಲೆಕ್ಕಾಚಾರ

ಆದರೆ ಸರ್ಕಾರದ ಉದ್ದೇಶವೇ ಬೇರೆಯಾಗಿತ್ತು. ಪ್ರಜೆಗಳ ಧರ್ಮದಲ್ಲಿ ಕೈಹಾಕಬಾರದೆಂಬುದು ಕಂಪನಿಯ ನೀತಿ. ಆದ್ದರಿಂದ ಸರ್ಕಾರಿ ಶಾಲೆಗಳಲ್ಲಿ ಬೈಬಲನ್ನು ಬೋಧಿಸುವಂತಿರಲಿಲ್ಲ. ಧರ್ಮಗ್ರಂಥ ಮಾಡಬೇಕಾದ ಕೆಲಸವನ್ನು ಮಿಲ್ಟನ್, ಬೇಕನ್, ಷೇಕ್ಸ್‌ಪಿಯರರ ಕೃತಿಗಳಿಂದ ಮಾಡಿಸಬಹುದೆಂದು ಕೆಲವು ಆಡಳಿತಗಾರರು ಭಾವಿಸಿದರು. ಇಂಗ್ಲಿಷ್ ಸಾಹಿತ್ಯವು ವ್ಯವಸ್ಥಿತ ಪಠ್ಯವಿಷಯವಾಗಿ ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಬೇರೂರಿತೆಂದು ಗೌರಿ ವಿಶ್ವನಾಥನ್ ತಮ್ಮ 1989ರ ಅಧ್ಯಯನದಲ್ಲಿ ವಿವರಿಸಿದ್ದಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪದವಿ ವಿಭಾಗ ದೊರೆತದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆಯೆಂದು ಸಾರಿದರು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಗೊಂಡವು. ಇಂಗ್ಲಿಷ್ ಹೀಗೆ ಹೊಟ್ಟೆಪಾಡಿನ ಕೀಲಿಕೈಯಾಯಿತು. ಒಡನೆಯೇ ತರಗತಿಯ ಗಾಳಿಯೂ ಬದಲಾಯಿತು. ನಾಟಕ ಓದುವವರ ಜಾಗದಲ್ಲಿ ನಾಟಕದ ಟಿಪ್ಪಣಿಯನ್ನು ಉರುಹೊಡೆಯುವವರು ಬಂದರು. ಮ್ಯಾಕ್‌ಬೆತನ ಗುಣದೋಷಗಳನ್ನು ಪುಟಗಟ್ಟಲೆ ಬರೆದು ತೇರ್ಗಡೆಯಾದವನು ಎದುರಿಗೆ ಬಂದವರೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತಡವರಿಸುವಂತಾಯಿತು. ಈ ರೋಗ ಇಂದಿಗೂ ನಮ್ಮನ್ನು ಪೂರ್ತಿ ಬಿಟ್ಟುಹೋಗಿಲ್ಲ.

ತಾಯ್ನುಡಿಗೆ ಮರಳಿದವರು

ಸಾಹಿತ್ಯದ ಮೂಲಕ ಇಂಗ್ಲಿಷನ್ನು ಮನಸಾರೆ ಕಲಿತವರ ಕಥೆ ಬೇರೆಯೇ ಆಗಿದೆ. ರಿಚರ್ಡ್‌ಸನ್ನರ ಶಿಷ್ಯ ಮೈಕೇಲ್ ಮಧುಸೂದನ ದತ್ತರು ಇಂಗ್ಲಿಷ್ ಕವಿಯಾಗಬೇಕೆಂದೇ ಹೊರಟವರು. 1849ರಲ್ಲಿ ಮದರಾಸಿನಲ್ಲಿ ಅವರ ಇಂಗ್ಲಿಷ್ ಕಾವ್ಯ ಅಚ್ಚಾಯಿತು. ಅದನ್ನು ಓದಿದ ಬೆಥೂನ್ ಎಂಬ ಆಂಗ್ಲ ಅಧಿಕಾರಿ, ನಿಮ್ಮ ಪ್ರತಿಭೆಯನ್ನು ನಿಮ್ಮ ನುಡಿಗೇ ಮುಡಿಪಾಗಿಡಿ ಎಂಬ ಸಲಹೆಯಿತ್ತರು. ಹತ್ತು ವರ್ಷಗಳ ಬಳಿಕ, 1859ರಲ್ಲಿ, ಮಧುಸೂದನರ ಬಂಗಾಳಿ ನಾಟಕ 'ಶರ್ಮಿಷ್ಠಾ', 1861ರಲ್ಲಿ ಮಹಾಕಾವ್ಯ 'ಮೇಘನಾದವಧ' ಹೊರಬಂದವು. ಬಂಗಾಳಿ ಕಾವ್ಯಕ್ಕೆ ಹೊಸ ಉಸಿರು ಬಂತು.

ನಮ್ಮ ನಾಡಿನಲ್ಲಿ ಇದೇ ಕಥೆ ಮರುಕಳಿಸಿತು. ಮೈಸೂರಿನ ವಿದ್ಯಾರ್ಥಿ ಕೆ.ವಿ. ಪುಟ್ಟಪ್ಪನವರು 1922ರಲ್ಲಿ ಇಂಗ್ಲಿಷ್ ಕವನಗಳ ಕಿರುಪುಸ್ತಕವೊಂದನ್ನು ಪ್ರಕಟಿಸಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಕವಿ ತಮ್ಮ ರಚನೆಗಳನ್ನು ಅವರಿಗೆ ತೋರಿಸಿದರು. ಕಸಿನ್ಸರು ಕೇಳಿದ್ದು, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು. ಆ ಪ್ರಶ್ನೆಯಿಂದ ಕನ್ನಡಕ್ಕೆ ಕುವೆಂಪು ದೊರೆತರು. ಇಂಗ್ಲಿಷಿನ ಓದು ಅವರಿಂದ ಬಿಟ್ಟುಹೋಗಲಿಲ್ಲ. ಷೇಕ್ಸ್‌ಪಿಯರನ 'ಟೆಂಪೆಸ್ಟ್' ಅವರ ಕೈಯಲ್ಲಿ 1930ರಲ್ಲಿ 'ಬಿರುಗಾಳಿ'ಯಾಗಿ, 'ಹ್ಯಾಮ್ಲೆಟ್' 1932ರಲ್ಲಿ 'ರಕ್ತಾಕ್ಷಿ'ಯಾಗಿ ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟವು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವನ್ನಿತ್ತು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದರು. ಪರಭಾಷೆಯನ್ನು ಆಳವಾಗಿ ಕಲಿತವರು ಸ್ವಂತ ಭಾಷೆಯನ್ನು ಕಳೆದುಕೊಳ್ಳುತ್ತಾರೆಂಬ ಭಯಕ್ಕೆ ಇವರ ಬಾಳೇ ಉತ್ತರ.

ನಾಟಕ ಕಲಿಸುವುದೇನು?

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಕವಿಗಳ ಮಾತು ಹಾಗಿರಲಿ, ಸಾಮಾನ್ಯ ಮಗುವಿಗೆ ನಾಟಕದಿಂದ ಯಾವ ಪ್ರಯೋಜನ? ಒಂದು ಸಣ್ಣ ಉದಾಹರಣೆ ನೋಡೋಣ. 'ಐ ಡಿಡ್ ನಾಟ್ ಟೇಕ್ ಹಿಸ್ ಬುಕ್' ಎಂಬ ವಾಕ್ಯದಲ್ಲಿ 'ಐ' ಎಂಬುದನ್ನು ಒತ್ತಿ ಹೇಳಿದರೆ 'ತೆಗೆದುಕೊಂಡದ್ದು ನಾನಲ್ಲ' ಎಂದಾಗುತ್ತದೆ. 'ಹಿಸ್' ಎಂಬುದನ್ನು ಒತ್ತಿದರೆ 'ನಾನು ತೆಗೆದುಕೊಂಡದ್ದು ಅವನ ಪುಸ್ತಕವನ್ನಲ್ಲ' ಎಂದಾಗುತ್ತದೆ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ನಾವು ಪದಗಳ ಸ್ಥಾನ ಬದಲಿಸಿ, 'ಅಲ್ಲ' ಎಂಬುದನ್ನು ಸೇರಿಸಿ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ದನಿಯ ಒತ್ತೇ ಮಾಡಬಲ್ಲದು. ಇದನ್ನು ವ್ಯಾಕರಣದ ಪುಸ್ತಕ ಓದಿ ಕಲಿಯುವುದು ಕಷ್ಟ. ಕಳ್ಳತನದ ಆರೋಪ ಹೊತ್ತ ಪಾತ್ರವಾಗಿ ಮಗು ಆ ಮಾತನ್ನು ಆಡಿದರೆ ಒತ್ತು ತಾನಾಗಿ ಬರುತ್ತದೆ, ಏಕೆಂದರೆ ಅಲ್ಲಿ ಹೇಳಬೇಕಾದದ್ದೊಂದು ಇದೆ.

ನಾಟಕದ ಅಭ್ಯಾಸದಲ್ಲಿ ಒಂದೇ ಮಾತನ್ನು ಇಪ್ಪತ್ತು ಬಾರಿ ಹೇಳಿದರೂ ಬೇಸರ ಬಾರದು; ಪ್ರತಿ ಸಲವೂ ಅದನ್ನು ಇನ್ನಷ್ಟು ಚೆನ್ನಾಗಿ ಹೇಳುವ ಗುರಿಯಿರುತ್ತದೆ. ನಾಚಿಕೆಯ ಮಗುವಿಗೆ ಪಾತ್ರವೇ ಮರೆಯಾಗಿ ನಿಲ್ಲುತ್ತದೆ. ತಪ್ಪಿದರೆ ನಗುವವರು ಪಾತ್ರವನ್ನು ನೋಡಿ ನಗುತ್ತಾರೆ, ಮಗುವನ್ನಲ್ಲ. ಎದುರು ಪಾತ್ರದ ಮಾತನ್ನು ಕಿವಿಗೊಟ್ಟು ಕೇಳದೆ ತನ್ನ ಮಾತನ್ನು ಎತ್ತುವಂತಿಲ್ಲ. ಕರಾವಳಿಯ ನಮ್ಮ ತಾಳಮದ್ದಲೆಯನ್ನೇ ನೋಡಿ: ಹೆಚ್ಚು ಶಾಲೆ ಕಾಣದ ಅರ್ಥಧಾರಿಗಳೂ ಕೇಳಿ, ಆಡಿ, ಎದುರಾಳಿಗೆ ಉತ್ತರಿಸಿಯೇ ಪ್ರೌಢ ಕನ್ನಡವನ್ನು ಕರಗತ ಮಾಡಿಕೊಂಡರು.

ಮರೆತ ದಾರಿ, ಮರಳಿದ ದಾರಿ

ಸ್ವಾತಂತ್ರ್ಯಾನಂತರ, 1950ರ ದಶಕದಿಂದ, ವಾಕ್ಯಮಾದರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಕಲಿಸುವ ರಚನಾತ್ಮಕ ಪದ್ಧತಿ ನಮ್ಮ ಶಾಲೆಗಳಿಗೆ ಬಂತು. ಸಾಹಿತ್ಯ ಹಿಂದೆ ಸರಿಯಿತು. ಅದಕ್ಕೂ ಕಾರಣವಿತ್ತು: ಹಳ್ಳಿಯ ಮಗುವಿಗೆ ಷೇಕ್ಸ್‌ಪಿಯರನ ಇಂಗ್ಲಿಷ್ ಎಟುಕದು. ಆದರೆ ವಾಕ್ಯಮಾದರಿಗಳನ್ನು ಒಪ್ಪಿಸಬಲ್ಲ ಮಗು ತರಗತಿಯ ಹೊರಗೆ ಮೂಕವಾಗುತ್ತಿತ್ತು. ಈ ಕೊರತೆಯನ್ನು ಕಂಡ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪ್ರಯೋಗ ನಡೆಸಿದರು. ನಕ್ಷೆ ನೋಡಿ ದಾರಿ ಹುಡುಕುವುದು, ರೈಲಿನ ವೇಳಾಪಟ್ಟಿಯಿಂದ ಪ್ರಯಾಣ ಯೋಜಿಸುವುದು, ಇಂಥ ಕೆಲಸಗಳಲ್ಲಿ ಮಕ್ಕಳ ಮನಸ್ಸು ತೊಡಗಿತು. ಮನಸ್ಸು ಅರ್ಥದಲ್ಲಿ ನೆಟ್ಟಾಗ ಭಾಷೆಯ ರೂಪ ತಾನಾಗಿ ಕೈಗೂಡುತ್ತದೆಂಬುದು ಅವರ ನಿಲುವು. ಜಗತ್ತಿನ ಭಾಷಾಶಿಕ್ಷಕರು 'ಬೆಂಗಳೂರು ಯೋಜನೆ' ಎಂದು ಇದನ್ನು ಇಂದಿಗೂ ನೆನೆಯುತ್ತಾರೆ. ಇದು ನಾಟಕದ ಪಾಠವಲ್ಲ. ಆದರೂ ರಂಗದ ಮೇಲೆ ನಡೆಯುವುದು ಇದೇ ಸತ್ಯ. ಅದೇ ಕಾಲಕ್ಕೆ, 1978ರಲ್ಲಿ, ಅಲನ್ ಮೇಲಿ ಮತ್ತು ಅಲನ್ ಡಫ್ ಅವರು ಭಾಷಾತರಗತಿಗೆ ಒಗ್ಗುವ ನಾಟಕ ತಂತ್ರಗಳ ಪುಸ್ತಕವನ್ನು ಹೊರತಂದರು. ಸರಳ ಕಥೆ, ಪುಟ್ಟ ಪ್ರಹಸನ, ಮಗುವಿನ ಮಟ್ಟದ ಕವಿತೆಗಳ ರೂಪದಲ್ಲಿ ಸಾಹಿತ್ಯವು ತರಗತಿಗೆ ಮರಳಿತು.

ಇನ್ನೂರು ವರ್ಷಗಳ ಈ ಅನುಭವ ಪಾಲಕರಾದ ನಮಗೆ ಹೇಳುವುದೇನು? ಅಂಕಪಟ್ಟಿಯನ್ನು ಮಾತ್ರ ನೋಡಿ ಮಗುವಿನ ಇಂಗ್ಲಿಷನ್ನು ಅಳೆಯುವುದು ಬೇಡ. ಶಾಲೆಯ ವಾರ್ಷಿಕೋತ್ಸವದ ನಾಟಕದ ಅಭ್ಯಾಸಕ್ಕೆಂದು ಅದು ತಡವಾಗಿ ಮನೆಗೆ ಬಂದರೆ ಪಾಠ ಹಾಳಾಯಿತೆಂದು ಗದರಿಸುವುದೂ ಬೇಡ. ಅದು ಪಾಠವನ್ನೇ ಕಲಿತು ಬಂದಿದೆ. ಇಂಗ್ಲಿಷ್ ಬಾರದ ತಾಯಿಯೂ ಆ ಕಥೆಯನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ ಹೇಳೆಂದು ಕೇಳಬಹುದು. ಬೆಥೂನ್ ಮತ್ತು ಕಸಿನ್ಸ್ ಇಬ್ಬರು ಮಹಾಕವಿಗಳಿಗೆ ನೆನಪಿಸಿದ್ದನ್ನೇ ಆ ತಾಯಿ ತನ್ನ ಅಡುಗೆಮನೆಯಲ್ಲಿ ಕುಳಿತು ನೆನಪಿಸಿದಂತಾಗುತ್ತದೆ. ಮಗು ಆಗ ಎರಡೂ ನುಡಿಗಳಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಕಲಿಯುತ್ತದೆ.