ಬೆಲ್ಟ್ ಬಂದದ್ದು ಆಮೇಲೆ

ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ. ಅಷ್ಟು ಇಳಿಯೋಕೆ ದಶಕಗಳೇ ಹಿಡಿದವು. ಅಂಥ ಊರಲ್ಲೂ ಮಗೂನ ಕರಾಟೆಗೆ ಸೇರಿಸಿದರೆ ಮೊದಲ ಪ್ರಶ್ನೆ, "ಬ್ಲ್ಯಾಕ್ ಬೆಲ್ಟ್ ಯಾವಾಗ ಸಾರ್?"

ಒಕಿನಾವಾದ ಹಳೇ ಗುರುಗಳ ಹತ್ತಿರ ಬೆಲ್ಟೇ ಇರಲಿಲ್ಲ. ಗಿಚಿನ್ ಫುನಾಕೋಶಿ ಬರೀ ಮೂರು ಕಟಾ, ಅಂದ್ರೆ ಮೂರು ವರಸೆ ಕಲಿಯೋಕೆ ಹತ್ತು ವರ್ಷ ಕಳೆದರು. ಅವರ ಗುರು ಇಟೊಸು 1901ರಲ್ಲಿ ಕರಾಟೆಯನ್ನು ಶಾಲೆಗೆ ತಂದರು. ಮಕ್ಕಳಿಗಾಗಿ ಸುಲಭದ ಕಟಾಗಳನ್ನು ಕಟ್ಟಿದರು. ಅದರಲ್ಲೂ ಬೆಲ್ಟ್ ಇರಲಿಲ್ಲ. ಜಿಗೊರೊ ಕಾನೊ ಜೂಡೋದಲ್ಲಿ ತಂದಿದ್ದ ಪದ್ಧತಿಯನ್ನು ಅನುಸರಿಸಿ ಫುನಾಕೋಶಿ ಮೊದಲ ಬ್ಲ್ಯಾಕ್ ಬೆಲ್ಟ್ ಕೊಟ್ಟಿದ್ದು 1924ರಲ್ಲಿ.

ಅದಕ್ಕೇ ಮಾಸ್ಟರ್‌ನ ಕೇಳಬೇಕಾದ್ದು ಬೇರೆ: "ಒಂದೇ ಕಟಾನ ಎಷ್ಟು ದಿನ ತಿದ್ದಿಸ್ತೀರ ಸಾರ್?" ಉತ್ತರದಲ್ಲಿ ಬರೀ ಪರೀಕ್ಷೆ ಫೀಸಿನ ಲೆಕ್ಕವೇ ಬಂದರೆ, ಬೇರೆ ಕ್ಲಾಸ್ ನೋಡಿ.